ಪತ್ರಿಕೆ ಇಂಟರ್ನ್‌ಶಿಪ್ ಮುಗೀತಾ ಬಂತು, ಬ್ಯೂರೊ ಬಿಡೋ ಮೊದಲು ಏನೇನು ಮಾಡ್ಕೋಬೇಕು?

ಶಂಕರಘಟ್ಟ ಬೆಂಚು

ಪತ್ರಿಕೋದ್ಯಮ ಎಂ.ಎ. ವಿದ್ಯಾರ್ಥಿಗಳು ನಾವು. ಶಿವಮೊಗ್ಗದ ಬೇರೆ ಬೇರೆ ಬ್ಯೂರೊಗಳಲ್ಲಿ ಇಂಟರ್ನ್ ಆಗಿದ್ದೀವಿ, ಈ ತಿಂಗಳ ಕೊನೆಗೆ ಎಲ್ಲರದ್ದೂ ಮುಗಿಯುತ್ತೆ. ವಿಭಾಗಕ್ಕೆ ಒಂದು ವರದಿ, ಪ್ರಮಾಣಪತ್ರ, ಪ್ರಕಟವಾದ ಸುದ್ದಿಗಳ ಕಟಿಂಗ್ ಕೊಡಬೇಕು. ಕಟಿಂಗ್ ಹೇಗೆ ಇಟ್ಕೊಳ್ಳೋದು, ವರದಿಯಲ್ಲಿ ಏನು ಬರೆಯೋದು, ಅರ್ಧಕ್ಕೆ ನಿಂತಿರೋ ಸುದ್ದಿಗಳನ್ನ ಏನು ಮಾಡೋದು, ಮೊಬೈಲ್‌ನಲ್ಲಿ ಸೇರಿಕೊಂಡಿರೋ ನಂಬರ್‌ಗಳು ನಮ್ಮವಾ ಪತ್ರಿಕೆಯವಾ, ಇವು ಪ್ರಶ್ನೆಗಳು. ಶುಭ ಹಾರೈಕೆ ಬೇಡ, ಕೆಲಸಕ್ಕೆ ಬರೋದು ಹೇಳಿ ಸರ್, ಮೇಡಂ.

ರಾತ್ರಿ ಡೆಸ್ಕ್

ಮೊದಲು ಪ್ರಮಾಣಪತ್ರ ಕೇಳಿ, ಇವತ್ತೇ. ರಾಜ್ಯಮಟ್ಟದ ಪತ್ರಿಕೆಗಳಲ್ಲಿ ಜಿಲ್ಲಾ ಬ್ಯೂರೊ ಮುಖ್ಯಸ್ಥರೇ ಸಹಿ ಹಾಕಿ ಕೊಡುವುದು ಕಡಿಮೆ. ಅದು ಬೆಂಗಳೂರಿನ ಎಚ್‌ಆರ್‌ನಿಂದ ಬರಬೇಕು, ಅಲ್ಲಿ ನಿಮ್ಮ ಕಡತ ಯಾರಿಗೂ ಅವಸರದ್ದಲ್ಲ. ಕೊನೆಯ ದಿನ ಕೇಳಿದರೆ ವೈವಾ ಮುಗಿದ ಮೇಲೆ ಸಿಗುತ್ತೆ. ಇ-ಮೇಲ್‌ನಲ್ಲಿ ಹೆಸರನ್ನು ಅಂಕಪಟ್ಟಿಯಲ್ಲಿ ಇರುವ ಹಾಗೇ ಬರೆಯಿರಿ, ಇನಿಷಿಯಲ್ ಹಿಂದಿದೆಯೋ ಮುಂದಿದೆಯೋ ಅದೂ ಸೇರಿ. ನೋಂದಣಿ ಸಂಖ್ಯೆ, ಶುರು ಮತ್ತು ಮುಕ್ತಾಯದ ದಿನಾಂಕ, ವರದಿಗಾರಿಕೆಯೋ ಡೆಸ್ಕೋ (ಸುದ್ದಿ ತಿದ್ದುವ ವಿಭಾಗ) ಅನ್ನೋದು ಇರಲಿ. ಹಾಜರಾತಿ ಹಾಳೆಗೆ ಮಾತ್ರ ಬ್ಯೂರೊದಲ್ಲೇ ಸಹಿ, ಮೊಹರು ಹಾಕಿಸಿಕೊಂಡು ಬಿಡಿ. ಎಚ್‌ಆರ್ ಪತ್ರ ತಡವಾದರೆ ವಿಭಾಗ ಅದನ್ನೇ ತಾತ್ಕಾಲಿಕವಾಗಿ ಒಪ್ಪಿಕೊಳ್ಳುವುದುಂಟು.

ಇನ್ನು ಕಲಿಕೆಯ ವಿಷಯ. ಹೊರಡುವ ಮೊದಲು ಮಾಡಲೇಬೇಕಾದ ಒಂದೇ ಕೆಲಸ ಹೇಳು ಅಂದರೆ, ನೀವು ಕಳಿಸಿದ ಕಾಪಿಯನ್ನೂ (ನೀವು ಬರೆದ ಮೂಲ ಬರಹ) ಅಚ್ಚಾದ ಸುದ್ದಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ ಅಂತೀನಿ. ಎಲ್ಲವನ್ನೂ ಬೇಡ, ಎಂಟು ಹತ್ತು ಸಾಕು. ಸಭೆಯ ವರದಿ, ಅಪರಾಧ, ಮಳೆ ಹಾನಿ, ಒಂದು ವಿಶೇಷ ವರದಿ, ಹೀಗೆ ಬೇರೆ ಬೇರೆ ಜಾತಿಯವು ಇರಲಿ. ಎರಡನ್ನೂ ಪ್ರಿಂಟ್ ತೆಗೆದು ನಾಲ್ಕು ಬಣ್ಣದ ಪೆನ್ ಹಿಡಿಯಿರಿ. ಕತ್ತರಿಸಿದ್ದಕ್ಕೆ ಕೆಂಪು, ಮೇಲೆ ಕೆಳಗೆ ಜಾಗ ಬದಲಾಗಿದ್ದಕ್ಕೆ ನೀಲಿ, ಮಾಹಿತಿ ತಿದ್ದಿದ್ದಕ್ಕೆ ಹಸಿರು, ಬರೀ ಪದ ಬದಲಾಗಿದ್ದಕ್ಕೆ ಕಪ್ಪು.

ಆಮೇಲೆ ನೋಡಿದರೆ ಕಾಯಿಲೆ ಎಲ್ಲಿದೆ ಅಂತ ತಾನೇ ಕಾಣುತ್ತೆ. ನೀಲಿ ಜಾಸ್ತಿ ಇದ್ದರೆ ನಿಮಗೆ ಇಂಟ್ರೊ (ಸುದ್ದಿಯ ಮೊದಲ ಪ್ಯಾರಾ) ಹಿಡಿಯೋಕೆ ಬರ್ತಿಲ್ಲ, ಸುದ್ದಿ ಮೂರನೇ ಪ್ಯಾರಾದಲ್ಲಿ ಮಲಗಿರುತ್ತೆ. ಕೆಂಪು ಬರೀ ಕೊನೆಯಲ್ಲಿದ್ದರೆ ಅದು ಜಾಗದ ಸಮಸ್ಯೆ, ತಲೆ ಕೆಡಿಸಿಕೊಳ್ಳಬೇಡಿ. ಮಧ್ಯದಲ್ಲಿ ಚುಕ್ಕೆ ಚುಕ್ಕೆಯಾಗಿ ಇದ್ದರೆ ಹೇಳಿದ್ದನ್ನೇ ಹೇಳಿದ್ದೀರಿ. ಹಸಿರು ಒಂದೇ ಒಂದು ಇದ್ದರೂ ಅದರ ಮೇಲೆ ಕೂತು ಯೋಚಿಸಬೇಕು. ಡೆಸ್ಕ್‌ನವರು ತಿದ್ದಿದ್ದೇ ತಪ್ಪಾಗಿರೋದೂ ಉಂಟು! ಹಾಗಿದ್ದರೆ ಅದನ್ನೂ ಗುರುತು ಮಾಡಿ ಕೇಳಿ.

ಕೇಳೋಕೆ ಹೊತ್ತು ಮುಖ್ಯ. ಸಂಜೆ ಆರರ ಮೇಲೆ ಪುಟ ಕಟ್ಟೋ ಗಡಿಬಿಡಿಯಲ್ಲಿ ಹೋದರೆ ಬೈಸಿಕೊಳ್ತೀರಿ. ಮಧ್ಯಾಹ್ನ ಊಟ ಆದ ಮೇಲೆ, ಸಂಜೆಯ ಪ್ರೆಸ್‌ನೋಟ್ ಬರೋ ಮೊದಲು ಹೋಗಿ. "ನನ್ನ ಬರವಣಿಗೆ ಹೇಗಿದೆ ಸರ್" ಅಂತ ಕೇಳಿದರೆ "ಚೆನ್ನಾಗಿದೆ, ಇನ್ನೂ ಓದು" ಅನ್ನೋ ಉತ್ತರ ಬಿಟ್ಟು ಬೇರೇನೂ ಬರಲ್ಲ. ಕಾಗದ ಮುಂದಿಟ್ಟು "ಈ ಪ್ಯಾರಾ ಯಾಕೆ ಮೇಲೆ ಹೋಯ್ತು" ಅಂದರೆ ಹತ್ತು ನಿಮಿಷ ಕೂತು ಹೇಳ್ತಾರೆ.

ಸಂತೆ ಮೈದಾನ

ಡೆಸ್ಕ್ ಅಣ್ಣ, ಒಂದು ಮಾದರಿ ಕೊಟ್ಟರೆ ಹುಡುಗರಿಗೆ ಅರ್ಥ ಆಗುತ್ತೆ.

ರಾತ್ರಿ ಡೆಸ್ಕ್

ಕಟ್ಟಿದ ಮಾದರಿ, ಯಾರ ಕಾಪಿಯೂ ಅಲ್ಲ.

ಕಳಿಸಿದ್ದು: "ತಾಲ್ಲೂಕಿನಾದ್ಯಂತ ಕಳೆದ ಎರಡು ದಿನಗಳಿಂದ ಎಡೆಬಿಡದೆ ಸುರಿಯುತ್ತಿರುವ ಭಾರಿ ಮಳೆಯಿಂದಾಗಿ ಜನಜೀವನ ಅಸ್ತವ್ಯಸ್ತಗೊಂಡಿದ್ದು, ಆಗುಂಬೆ ಘಾಟಿಯಲ್ಲಿ ಮರ ಬಿದ್ದ ಪರಿಣಾಮ ವಾಹನ ಸವಾರರು ಪರದಾಡುವಂತಾಯಿತು."

ಅಚ್ಚಾದದ್ದು: "ಆಗುಂಬೆ ಘಾಟಿಯ ಏಳನೇ ತಿರುವಿನಲ್ಲಿ ಮಂಗಳವಾರ ಬೆಳಿಗ್ಗೆ ರಸ್ತೆಗೆ ಮರ ಬಿದ್ದು, ಮೂರು ತಾಸು ಸಂಚಾರ ಸ್ಥಗಿತಗೊಂಡಿತ್ತು."

"ಭಾರಿ" ಅನ್ನೋ ಪದ ಹೋಗಿದ್ದು ಬರೀ ರುಚಿಯ ವಿಷಯ ಅಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ, 115.6ರಿಂದ ಅತಿ ಭಾರಿ, 204.4 ಮೀರಿದರೆ ಅತ್ಯಂತ ಭಾರಿ. ಮಳೆಮಾಪಕದ ಅಂಕಿ ಕೈಯಲ್ಲಿಲ್ಲದೆ "ಭಾರಿ" ಅಂತ ಬರೆದರೆ ಪಕ್ಕದ ಬಾಕ್ಸ್‌ನಲ್ಲಿರೋ ಕೋಷ್ಟಕಕ್ಕೂ ನಿಮ್ಮ ಸುದ್ದಿಗೂ ಜಗಳ. ಆ ಅಂಕಿಯೂ ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗಿನದು. ಬುಧವಾರ ಬೆಳಿಗ್ಗೆ ಸಿಕ್ಕಿದ್ದರಲ್ಲಿ ಹೆಚ್ಚಿನ ಪಾಲು ಮಂಗಳವಾರದ ಮಳೆ.

ಕೆಂಪು ಪೆನ್ನಿಗೆ ಖಾಯಂ ಗಿರಾಕಿ ಇನ್ನೊಂದಿದೆ, ಕಾರ್ಯಕ್ರಮದ ಸುದ್ದಿಯ ಕೊನೆಯ "ಇದ್ದರು" ಪಟ್ಟಿ. ಹದಿನಾಲ್ಕು ಹೆಸರು ಕಳಿಸಿರ್ತೀರಿ, ಮೂರು ಬಂದಿರುತ್ತೆ. ಸಂಘಟಕರು ನಿಮಗೆ ಫೋನ್ ಮಾಡಿ ಬೈತಾರೆ. ಅದಕ್ಕೆ ಔಷಧಿ ಇಲ್ಲ.

ಪುಟ ಕಟ್ಟುವವ

ಕಟಿಂಗ್ ಬಗ್ಗೆ ನಾನು ಹೇಳ್ತೀನಿ.

ಸುದ್ದಿಯನ್ನಷ್ಟೇ ಕತ್ತರಿಸಿ ಬಿಳಿ ಹಾಳೆಗೆ ಅಂಟಿಸಿ ತರ್ತಾರೆ, ಯಾವ ದಿನದ್ದು ಯಾವ ಪುಟ ಅಂತ ಪೆನ್ನಲ್ಲಿ ಬರೆದಿರ್ತಾರೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಅದನ್ನು ಯಾರು ನಂಬಬೇಕು? ಪುಟದ ನೆತ್ತಿಯಲ್ಲಿ ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟಸಂಖ್ಯೆ ಇರುವ ಸಾಲು ಇರುತ್ತಲ್ಲ, ಅದು ಸೇರಿದ ಹಾಗೆ ಇಡೀ ಪುಟ ಇಟ್ಕೊಳ್ಳಿ. ಆವೃತ್ತಿ ಯಾಕೆ ಮುಖ್ಯ ಅಂದರೆ ಶಿವಮೊಗ್ಗ ಪುಟದಲ್ಲಿ ನಾಲ್ಕು ಕಾಲಂ ಬಂದ ಸುದ್ದಿ ದಾವಣಗೆರೆ ಕಡೆ ಹೋಗೋ ಪುಟದಲ್ಲಿ ಸಿಂಗಲ್ ಕಾಲಂ ಆಗಿರುತ್ತೆ, ಇಲ್ಲವೇ ಬಂದೇ ಇರಲ್ಲ.

ಮಲೆನಾಡಿನ ಮಳೆಗಾಲಕ್ಕೂ ಪತ್ರಿಕೆ ಕಾಗದಕ್ಕೂ ಹುಟ್ಟಾ ವೈರ. 45 ಜಿಎಸ್‌ಎಂ ಆಸುಪಾಸಿನ ತೆಳು ಕಾಗದ, ಮರದ ತಿರುಳನ್ನು ಹಾಗೇ ಅರೆದು ಮಾಡಿದ್ದು. ಅದರಲ್ಲಿ ಉಳಿಯುವ ಲಿಗ್ನಿನ್ ಬೆಳಕು ತಾಗಿದರೆ ಹಳದಿ ಆಗುತ್ತೆ, ತೇವಕ್ಕೆ ಬೂಷ್ಟು ಹಿಡಿಯುತ್ತೆ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಶಾಖದ ಅಂಟು ಕಾಗದದೊಳಗೆ ಇಳಿದರೆ ವಾಪಸ್ ತೆಗೆಯೋಕೆ ಆಗಲ್ಲ, ತೇವ ಒಳಗೇ ಸಿಕ್ಕಿಹಾಕಿಕೊಂಡು ಕಂದು ಕಲೆ ಬರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ಲಾಸ್ಟಿಕ್ ಕವರ್ ಕೂಡ ಬೇಡ. ದಪ್ಪ ರಟ್ಟಿನ ಫೈಲ್‌ನಲ್ಲಿ ಮಡಿಸದೆ ಮಲಗಿಸಿ, ಗೋಡೆಗೆ ತಾಗದ ಹಾಗೆ ಇಡಿ.

ಅಸಲಿ ದಾಖಲೆ ಸ್ಕ್ಯಾನ್. ಎ3 ಸ್ಕ್ಯಾನರ್ ಇರೋ ಜೆರಾಕ್ಸ್ ಅಂಗಡಿಯಲ್ಲಿ ಪುಟದ ಮೇಲಿನರ್ಧ, ಕೆಳಗಿನರ್ಧ ಬೇರೆ ಬೇರೆ, 300 ಡಿಪಿಐನಲ್ಲಿ ಮಾಡಿಸಿ. ಹಿಂದಿನ ಪುಟದ ಮಸಿ ಕಾಣುತ್ತಾ? ಹಿಂದೆ ಕಪ್ಪು ಹಾಳೆ ಇಡಿ, ಮಾಯ ಆಗುತ್ತೆ. ಇ-ಪೇಪರ್ ಪಿಡಿಎಫ್ ಇಳಿಸಿಕೊಳ್ಳೋಕೆ ಆದರೆ ಅದೇ ವಾಸಿ, ಆದರೆ ಈಗಲೇ ಮಾಡಿ. ಎಷ್ಟೋ ಇ-ಪೇಪರ್‌ಗಳಲ್ಲಿ ಹಳೇ ಸಂಚಿಕೆ ಸ್ವಲ್ಪ ಕಾಲಕ್ಕೆ ಕಾಣೆಯಾಗುತ್ತೆ, ಇಲ್ಲವೇ ಚಂದಾ ಕೇಳುತ್ತೆ. ಬರೀ ವೆಬ್‌ಸೈಟ್‌ನಲ್ಲಿ ಬಂದ ಸುದ್ದಿಯಾದರೆ ಹಳೇ ವೆಬ್ ಪುಟ ಕಾಪಿಡುವ ವೇಬ್ಯಾಕ್ ಮೆಷಿನ್‌ನಲ್ಲಿ ಪುಟ ಉಳಿಸಿ ಆ ಕೊಂಡಿಯನ್ನೂ ಬರೆದಿಟ್ಕೊಳ್ಳಿ.

ಫೈಲಿನ ಹೆಸರು ಹೀಗಿರಲಿ: ವರ್ಷ-ತಿಂಗಳು-ದಿನ, ಆವೃತ್ತಿ, ಪುಟ, ಎರಡು ಪದದ ಸ್ಲಗ್ (ಸುದ್ದಿಯ ಗುರುತಿನ ಹೆಸರು). ವರ್ಷ ಮೊದಲು ಬಂದರೆ ಫೋಲ್ಡರ್ ತಾನೇ ದಿನಾಂಕದ ಸಾಲಿಗೆ ನಿಲ್ಲುತ್ತೆ.

ಶಂಕರಘಟ್ಟ ಬೆಂಚು

ಸರ್, ಕಳಿಸಿದ ಕಾಪಿ ಎಲ್ಲ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದೆ. ವರದಿಗೆ ಯೂನಿಕೋಡ್ ಬೇಕಂತೆ. ಪರಿವರ್ತಕಕ್ಕೆ ಹಾಕಿದರೆ ಅಲ್ಲಲ್ಲಿ ಏನೇನೋ ಆಗುತ್ತೆ.

ಪುಟ ಕಟ್ಟುವವ

ಹಳೇ ನುಡಿ ಫಾಂಟ್‌ನಲ್ಲಿ ಕಂಪ್ಯೂಟರ್ ಒಳಗೆ ಕೂತಿರೋದು ಕನ್ನಡ ಅಕ್ಷರ ಅಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕುತ್ತೆ ಅಷ್ಟೇ. ಪರಿವರ್ತಕ ಆ ಸಂಕೇತಗಳನ್ನೇ ಓದಿ ಕನ್ನಡ ಮಾಡುತ್ತೆ. ಹಾಗಾಗಿ ಕಾಪಿಯ ಮಧ್ಯೆ ನಿಜವಾದ ಇಂಗ್ಲಿಷ್ ಪದ ಇದ್ದರೆ, ಕಂಪನಿ ಹೆಸರೋ ಇ-ಮೇಲ್ ವಿಳಾಸವೋ, ಅದೂ ಕನ್ನಡ ಅಂದುಕೊಂಡು ಕಲಸುಮೇಲೋಗರ ಮಾಡಿಬಿಡುತ್ತೆ. ಪರಿವರ್ತಿಸುವ ಮೊದಲು ಅಂಥ ಪದದ ಜಾಗದಲ್ಲಿ ಒಂದೊಂದು ಸಂಖ್ಯೆ ಇಟ್ಟು, ಆಮೇಲೆ ವಾಪಸ್ ಹಾಕಿ.

ಆಮೇಲೆ ಕಣ್ಣು ಹಾಯಿಸಬೇಕಾದ ಜಾಗಗಳು: ಅರ್ಕಾವೊತ್ತು ಬಂದ ಪದ, ಎರಡು ಒತ್ತು ಒಟ್ಟಿಗೆ ಬಂದ ಪದ, ಉದ್ಧರಣ ಚಿಹ್ನೆ, ದೀರ್ಘ. ರಾಷ್ಟ್ರ, ಸ್ವಾತಂತ್ರ್ಯ, ವರ್ತುಲ, ಇಂಥವನ್ನು ಹುಡುಕಿ ನೋಡಿ. ರ‍್ಯಾಲಿ, ರ‍್ಯಾಂಕ್ ಅಂತೂ ಯೂನಿಕೋಡ್‌ಗೆ ಬಂದಾಗ ಬೇಡದ ಅರ್ಕಾವೊತ್ತು ಸೇರಿ "ರ್ಯಾಲಿ" ಆಗೋದೇ ಹೆಚ್ಚು. ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಜೋಡಕವೊಂದು ಬೇಕು, ಅದು ಬಿದ್ದುಹೋಗಿರುತ್ತೆ. ಒಂದು ಸಲ ಸರಿ ಮಾಡಿ, ಹುಡುಕಿ ಬದಲಿಸು ಅಂತ ಕೊಟ್ಟರೆ ಇಡೀ ಕಡತ ಸರಿಹೋಗುತ್ತೆ. ನುಡಿಯ ಮೂಲ ಕಡತ ಅಳಿಸಬೇಡಿ.

ಫೋಟೊ ಬಗ್ಗೆಯೂ ಒಂದು ಮಾತು. ವಾಟ್ಸ್‌ಆ್ಯಪ್‌ನಲ್ಲಿ ಹಾಗೇ ಕಳಿಸಿದ ಚಿತ್ರ ಕುಗ್ಗಿರುತ್ತೆ, ತೆಗೆದ ಹೊತ್ತು ಮತ್ತು ಜಾಗದ ಮಾಹಿತಿಯೂ ಹೋಗಿರುತ್ತೆ. ಬ್ಯೂರೊ ಗ್ರೂಪಿನಲ್ಲಿರೋದನ್ನು ಉಳಿಸಿಕೊಂಡೆ ಅಂತ ಮೊಬೈಲ್‌ನ ಮೂಲ ಅಳಿಸಿದರೆ ಕೈಗೆ ಉಳಿಯೋದು ಹೊಟ್ಟು. ಬ್ರಾಡ್‌ಶೀಟ್‌ನ ಮೂರು ಕಾಲಂ ಅಂದರೆ ಹೆಚ್ಚುಕಡಿಮೆ 13 ಸೆಂ.ಮೀ. 200 ಡಿಪಿಐ ಲೆಕ್ಕ ಹಿಡಿದರೂ ಅಗಲಕ್ಕೆ ಸಾವಿರ ಪಿಕ್ಸೆಲ್ ಬೇಕು. ಕುಗ್ಗಿದ್ದು ಅಷ್ಟಕ್ಕೆ ಸಾಕು, ಆದರೆ ಅದರೊಳಗಿನ ಒಂದು ಮುಖವನ್ನಷ್ಟೇ ಕತ್ತರಿಸಿ ಹಾಕೋಕೆ ಹೋದರೆ ಒಡೆದು ಹೋಗುತ್ತೆ.

ಹೊಸನಗರ ಮೊಫಸಿಲ್

ಎಲ್ಲರೂ ತಗೊಂಡು ಹೋಗೋದರ ಬಗ್ಗೆಯೇ ಹೇಳ್ತಿದ್ದೀರಲ್ಲ ಮಾರಾಯ್ರೆ. ಬಿಟ್ಟು ಹೋಗೋದರ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಇಂಟರ್ನ್ ಹೋದ ಮರುದಿನ ಬ್ಯೂರೊದಲ್ಲಿ ಆಗೋ ತಾಪತ್ರಯ ಏನಂದ್ರೆ, ಅವನು ಶುರು ಮಾಡಿದ್ದ ಸುದ್ದಿಯ ಬಾಲ ಯಾರಿಗೂ ಸಿಗಲ್ಲ. ಊರಿನವರು ಬ್ಯೂರೊಗೆ ಫೋನ್ ಮಾಡಿ "ನಿಮ್ಮ ಹುಡುಗ ಬಂದು ಎಲ್ಲ ಬರ್ಕೊಂಡು ಹೋಗಿದ್ರಲ್ಲ, ಏನಾಯ್ತು" ಅಂತಾರೆ. ಇಲ್ಲಿರೋರಿಗೆ ಯಾವ ಹುಡುಗ, ಯಾವ ಊರು ಅಂತಲೇ ಗೊತ್ತಿರಲ್ಲ.

ಬಾಕಿ ಇರೋ ಒಂದೊಂದು ಸುದ್ದಿಗೆ ಒಂದೊಂದು ಹಾಳೆ ಮಾಡಿ. ಮೇಲೆ ಒಂದೇ ಸಾಲಿನಲ್ಲಿ ವಿಷಯ. ಕೆಳಗೆ ಖಚಿತವಾಗಿರೋದು ಏನು, ಅದಕ್ಕೆ ಕಾಗದ ಯಾವುದು. ಒಬ್ಬರು ಬಾಯಲ್ಲಿ ಹೇಳಿದ್ದು ಮಾತ್ರ ಇರೋದು ಏನು, ಇದನ್ನು ಬೇರೆಯೇ ಬರೀಬೇಕು, ಎರಡನ್ನೂ ಬೆರೆಸಿದರೆ ನಿಮ್ಮ ನಂತರ ಬರೆಯುವವನು ಸಿಕ್ಕಿ ಬೀಳ್ತಾನೆ. ಯಾರ ಪ್ರತಿಕ್ರಿಯೆ ಇನ್ನೂ ಪಡೆದಿಲ್ಲ. ಮುಂದಿನ ತಾರೀಕು ಯಾವುದು. ಇಷ್ಟೇ, ಒಂದು ಹಾಳೆ ದಾಟಬಾರದು.

ತಾರೀಕು ಅನ್ನೋದು ಕೋರ್ಟ್ ಮತ್ತು ಪೊಲೀಸ್ ಸುದ್ದಿಗೆ ಪ್ರಾಣ. ಠಾಣೆ, ಅಪರಾಧ ಸಂಖ್ಯೆ, ವರ್ಷ ಬರೆಯಿರಿ. ಕೋರ್ಟಿಗೆ ಹೋಗಿದ್ದರೆ ಪ್ರಕರಣಕ್ಕೆ ಕೋರ್ಟ್ ಕೊಡುವ 16 ಅಕ್ಷರದ ಸಿಎನ್‌ಆರ್ ಸಂಖ್ಯೆ ಸಾಕು, ಇ-ಕೋರ್ಟ್ಸ್ ಜಾಲತಾಣದಲ್ಲಿ ಮುಂದಿನ ವಿಚಾರಣೆ ದಿನ ಯಾರು ಬೇಕಾದರೂ ನೋಡಬಹುದು. ಬಂಧನದ ಸುದ್ದಿ ಹಾಕಿದ್ದೀರಾ? 60 ಅಥವಾ 90 ದಿನ ತುಂಬುವ ತಾರೀಕು ಹಾಳೆಯಲ್ಲಿ ಇರಲಿ. ಅಷ್ಟರೊಳಗೆ ದೋಷಾರೋಪ ಪಟ್ಟಿ ಸಲ್ಲಿಕೆಯಾಗದಿದ್ದರೆ ಬಂಧಿತನಿಗೆ ಜಾಮೀನಿನ ಹಕ್ಕು ಬರುತ್ತೆ, ಅದು ಸುದ್ದಿ. ಬಂಧನ ಮೂರು ಕಾಲಂ ಬಂದು, ಖುಲಾಸೆಯಾದದ್ದು ಎಲ್ಲೂ ಬರದೇ ಹೋಗೋದು ಬ್ಯೂರೊಗಳ ಹಳೇ ಪಾಪ. ಅರ್ಧ ಕಾರಣ ಕೈ ಬದಲಾಗೋದು.

ಜಮೀನಿನ ಸುದ್ದಿ ಬಿಟ್ಟು ಹೋಗೋರು ವಿಶೇಷ ಹುಷಾರು. ಬಗರ್‌ಹುಕುಂ (ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ), ಕಾನು (ಹಳ್ಳಿಯ ಕಾಡು), ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಶರಾವತಿ ಮುಳುಗಡೆ ಸಂತ್ರಸ್ತರದ್ದು ಇಂಥವು ಇಲ್ಲಿ ವರ್ಷಗಟ್ಟಲೆ ಎಳೆಯುತ್ತವೆ. ಪಹಣಿಯಲ್ಲಿ 12.30 ಅಂತ ಇದ್ದರೆ ಅದು ಹನ್ನೆರಡು ಎಕರೆ ಮೂವತ್ತು ಗುಂಟೆ. ಗುಂಟೆ ನಲವತ್ತಕ್ಕೆ ಒಂದು ಎಕರೆ, ಅಂದರೆ ದಶಮಾಂಶದಲ್ಲಿ 12.75. ಟಿಪ್ಪಣಿಯಲ್ಲಿ "12.30 ಎಕರೆ" ಅಂತ ಬಿಟ್ಟು ಹೋದರೆ, ಮುಂದೆ ಯಾರೋ ಅದನ್ನು ಹೆಕ್ಟೇರ್‌ಗೆ ತಿರುಗಿಸುವಾಗ 2.47ರಿಂದ ಭಾಗಿಸಿ ತಪ್ಪು ಅಂಕಿ ಅಚ್ಚು ಹಾಕ್ತಾರೆ. ಎಕರೆ, ಗುಂಟೆ ಬಿಡಿಸಿ ಬರೆಯಿರಿ. ಸರ್ವೆ ನಂಬರ್ ಜೊತೆ ಗ್ರಾಮ, ಹೋಬಳಿ ಎರಡೂ ಇರಲಿ. ಒಂದೇ ಹೆಸರಿನ ಊರು ಮಲೆನಾಡಿನಲ್ಲಿ ಹೋಬಳಿಗೊಂದು ಸಿಗುತ್ತೆ.

ಅಡಿಕೆ ಚೀಲ

ಮೊಫಸಿಲ್ ಅವರು ಹೇಳಿದ್ದು ಖರೆ. ಅಂಕಿ ವಿಷಯಕ್ಕೆ ಇನ್ನೆರಡು ಸೇರಿಸ್ತೀನಿ, ಏಕೆಂದರೆ ಇಂಟರ್ನ್‌ಗಳ ಕೈಗೆ ಮೊದಲು ಕೊಡೋದೇ ಅಡಿಕೆ ಧಾರಣೆ ಮತ್ತು ಜಲಾಶಯ ಮಟ್ಟ. ಸುಲಭ ಅಂತ ಕೊಡ್ತಾರೆ, ಸುಲಭ ಅಲ್ಲ.

ಧಾರಣೆ ಕ್ವಿಂಟಲ್‌ಗೆ. ಸರಕು, ಬೆಟ್ಟೆ, ರಾಶಿ, ಗೊರಬಲು ಬೇರೆ ಬೇರೆ ಮಾಲು. ಸಾಗರದ ಕಡೆ ಹೋದರೆ ಚಾಲಿ, ಕೆಂಪುಗೋಟು, ಸಿಪ್ಪೆಗೋಟು ಸೇರಿಕೊಳ್ಳುತ್ತೆ. ಎಪಿಎಂಸಿ ಪಟ್ಟಿಯಲ್ಲಿ ಒಂದೊಂದಕ್ಕೂ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚು ಮಾಲು ಹೋದ ಬೆಲೆ) ಅಂತ ಮೂರು ಬೆಲೆ. ಸರಕಿನ ಗರಿಷ್ಠ ಬೆಲೆ ಹಿಡಿದು "ಅಡಿಕೆಗೆ ದಾಖಲೆ ಬೆಲೆ" ಅಂತ ತಲೆಬರಹ ಕೊಟ್ಟರೆ ಬೆಳೆಗಾರ ನಗ್ತಾನೆ. ಆ ಬೆಲೆಗೆ ಹೋಗಿರೋದು ಕೆಲವೇ ಚೀಲ ಇರಬಹುದು, ಹೆಚ್ಚಿನವರು ಮಾರೋದು ರಾಶಿ. ರಾಶಿಯ ಮಾದರಿ ಬೆಲೆ ಮತ್ತು ಆವಕ, ಈ ಎರಡು ಇಲ್ಲದ ಧಾರಣೆ ಸುದ್ದಿಯನ್ನು ನಿಮ್ಮ ಆಯ್ದ ಕಟಿಂಗ್‌ನಲ್ಲಿ ಸೇರಿಸಬೇಡಿ.

ಜಲಾಶಯಕ್ಕೆ ಬಂದರೆ ಲಿಂಗನಮಕ್ಕಿ ಪೂರ್ಣ ಮಟ್ಟ 1819 ಅಡಿ, ಅದು ಸಮುದ್ರಮಟ್ಟದಿಂದ. ಭದ್ರಾ 186 ಅಡಿ, ಅದು ಸಮುದ್ರಮಟ್ಟದ ಲೆಕ್ಕವಲ್ಲ. ಗಾಜನೂರಿನ ತುಂಗಾ 588.24, ಅದೂ ಮೀಟರ್! ಮೂರನ್ನೂ ಒಂದೇ ಕೋಷ್ಟಕದಲ್ಲಿ "ಅಡಿ" ಅಂತ ಹಾಕಿದವರು ಇದ್ದಾರೆ. ಒಳಹರಿವು ಕ್ಯೂಸೆಕ್, ಅಂದರೆ ಸೆಕೆಂಡಿಗೆ ಘನ ಅಡಿ. ಸಂಗ್ರಹ ಟಿಎಂಸಿ, ಅಂದರೆ ನೂರು ಕೋಟಿ ಘನ ಅಡಿ. ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಆಗುತ್ತೆ. ಇದನ್ನು ಒಂದು ಚೀಟಿಯಲ್ಲಿ ಬರೆದು ನಿಮ್ಮ ಮೇಜಿನ ಗಾಜಿನ ಕೆಳಗೆ ಬಿಟ್ಟು ಹೋಗಿ, ಮುಂದಿನ ಬ್ಯಾಚಿಗೆ ಉಪಕಾರ.

ಕಾನೂನು ಕಲಂ

ನಂಬರ್‌ಗಳ ಪ್ರಶ್ನೆಗೆ. ಸಾರ್ವಜನಿಕ ಹುದ್ದೆಯಲ್ಲಿರೋರ ನಂಬರ್, ಅಂದರೆ ತಹಶೀಲ್ದಾರ್, ಪಿಡಿಒ, ಠಾಣಾಧಿಕಾರಿ, ಸಂಘದ ಅಧ್ಯಕ್ಷರು, ಇವನ್ನು ಎರಡೂ ಕಡೆ ಇಟ್ಕೊಳ್ಳೋದರಲ್ಲಿ ತೊಂದರೆ ಇಲ್ಲ. ಹುದ್ದೆ, ಊರು, ಯಾವ ತಿಂಗಳಲ್ಲಿ ಸಿಕ್ಕಿದ್ದು ಅಂತ ಬರೆದಿಡಿ, ವರ್ಗಾವಣೆ ಆದಮೇಲೆ ಬರೀ ಹೆಸರು ಉಪಯೋಗಕ್ಕಿಲ್ಲ.

ಹೆಸರು ಹಾಕಬೇಡಿ ಅಂತ ಹೇಳಿ ಮಾಹಿತಿ ಕೊಟ್ಟವರ ನಂಬರ್ ಮಾತ್ರ ಹಸ್ತಾಂತರದ ಹಾಳೆಯಲ್ಲಿ ಬರಲೇಬಾರದು. ಅವರಿಗೆ ನೀವೇ ಫೋನ್ ಮಾಡಿ "ನಾನು ಬಿಡ್ತಾ ಇದ್ದೀನಿ, ನಮ್ಮ ಹಿರಿಯ ವರದಿಗಾರರಿಗೆ ನಿಮ್ಮ ಪರಿಚಯ ಮಾಡಿಸಲಾ" ಅಂತ ಕೇಳಿ. ಆಗಲಿ ಅಂದರೆ ಆ ಒಬ್ಬರಿಗೆ ಮಾತ್ರ, ಬಾಯಲ್ಲಿ ಹೇಳಿ. ಬೇಡ ಅಂದರೆ ವಿಷಯ ಅಲ್ಲಿಗೆ ಮುಗೀತು.

ಲೈಂಗಿಕ ದೌರ್ಜನ್ಯದ ಪ್ರಕರಣಗಳ ಟಿಪ್ಪಣಿ, ಫೋಟೊ, ಎಫ್‌ಐಆರ್ ಪ್ರತಿ ಮೊಬೈಲ್‌ನಲ್ಲಿದ್ದರೆ ಸಂಪಾದಕರಿಗೆ ಒಪ್ಪಿಸಿ ನಿಮ್ಮ ಬಳಿ ಇರೋದನ್ನು ಅಳಿಸಿ. ಸಂತ್ರಸ್ತೆಯ ಗುರುತು ಬಹಿರಂಗ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ಕುಟುಂಬದ ವಿವರ, ನೆರೆಹೊರೆ ಎಲ್ಲವನ್ನೂ ತಡೆಯುತ್ತೆ. ಇಂಟರ್ನ್‌ಶಿಪ್ ವರದಿಗೆ "ನಾನು ಸಂಗ್ರಹಿಸಿದ ದಾಖಲೆಗಳು" ಅಂತ ಇವನ್ನು ಲಗತ್ತಿಸೋದು ಗ್ರಂಥಾಲಯದ ಕಪಾಟಿನಲ್ಲಿ ಬಹಿರಂಗ ಮಾಡಿದ ಹಾಗೇ.

ಉಣುಗು

ಅದೇ ಎಚ್ಚರ ಮಂಗನ ಕಾಯಿಲೆ ಸುದ್ದಿಗೂ ಬೇಕು. ರೋಗಿಯ ಹೆಸರು ಹಾಕಿಲ್ಲ ಅಂತ ಸಮಾಧಾನ ಪಟ್ಕೊಳ್ತೀರಿ, ಆದರೆ ಊರು, ವಯಸ್ಸು, "ಅಡಿಕೆ ತೋಟದ ಕೂಲಿ ಕಾರ್ಮಿಕ ಮಹಿಳೆ" ಅಂತ ಬರೆದರೆ ಹತ್ತು ಮನೆಯ ಕೊಪ್ಪದಲ್ಲಿ ಯಾರು ಅಂತ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ರೋಗ ಇವತ್ತಿಗೂ ಆ ಊರಿನ ಹೆಸರು ಹೊತ್ತಿದೆ, ಒಂದು ಮನೆಗೆ ಆ ಗತಿ ಬರೋದು ಬೇಡ. ತಾಲ್ಲೂಕು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿ ಸಾಕು. ಹಸ್ತಾಂತರದ ಟಿಪ್ಪಣಿಯಲ್ಲಿ ಶಂಕಿತ ಮತ್ತು ದೃಢಪಟ್ಟ ಪ್ರಕರಣ ಬೇರೆ ಬೇರೆ ಬರೆಯಿರಿ, ದೃಢ ಅನ್ನೋದು ಪ್ರಯೋಗಾಲಯದ ವರದಿ ಬಂದ ಮೇಲೆ ಮಾತ್ರ. ಹಾವಳಿ ಡಿಸೆಂಬರ್‌ನಿಂದ ಮೇವರೆಗೆ. ಅದರ ನಡುವೆ ಬಿಟ್ಟು ಹೋಗೋರ ಅಂಕಿ ಯಾವ ದಿನಾಂಕದವರೆಗಿನದು ಅಂತ ಬರೆಯದಿದ್ದರೆ ಮುಂದಿನವರು ಎರಡು ಸಲ ಎಣಿಸ್ತಾರೆ.

ಸಂತೆ ಮೈದಾನ

ಪೊಲೀಸ್ ಪ್ರೆಸ್‌ನೋಟ್ ಗ್ರೂಪ್, ವಾರ್ತಾ ಇಲಾಖೆ ಗ್ರೂಪ್‌ಗಳಿಂದ ಹೊರಗೆ ಬನ್ನಿ. ಸುಮ್ಮನೆ ಎದ್ದು ಬರೋದಲ್ಲ, ನಿಮ್ಮ ಜಾಗಕ್ಕೆ ಯಾರು ಅಂತ ಅಡ್ಮಿನ್‌ಗೆ ತಿಳಿಸಿ. ಗುರುತಿನ ಚೀಟಿ ವಾಪಸ್. ಬೈಕಿನ ಮೇಲಿನ ಪ್ರೆಸ್ ಸ್ಟಿಕ್ಕರ್ ಕಿತ್ತು ಹಾಕಿ ದೇವ್ರೂ.

ಪಾಠದ ಕೋಣೆ

ವಿಭಾಗದ ಕಡೆಯಿಂದ ನಾಲ್ಕು ಮಾತು. ವರದಿಗಳಲ್ಲಿ ಸಾಮಾನ್ಯವಾಗಿ ಬರುವುದು ಹೀಗೆ: ಪತ್ರಿಕೆಯ ಇತಿಹಾಸ ಹನ್ನೆರಡು ಪುಟ, 1843ರ ಮಂಗಳೂರು ಸಮಾಚಾರದಿಂದ ಶುರು. ನಂತರ ಸುದ್ದಿಮನೆಯ ರಚನೆ, ಚೌಕದೊಳಗೆ ಚೌಕ ಬರೆದ ಚಿತ್ರ. ಕೊನೆಗೆ "ಈ ಅವಧಿಯಲ್ಲಿ ಅನೇಕ ವಿಷಯಗಳನ್ನು ಕಲಿತೆನು". ಮೌಲ್ಯಮಾಪನಕ್ಕೆ ಕೂತವರು ಮೊದಲ ಹದಿನೈದು ಪುಟ ಮಗುಚಿಬಿಡುತ್ತಾರೆ.

ರಾತ್ರಿ ಡೆಸ್ಕ್ ಹೇಳಿದ ಅಕ್ಕಪಕ್ಕದ ಹೋಲಿಕೆಯೇ ವರದಿಯ ನಡುಭಾಗ ಆಗಬೇಕು. ಐದು ಸುದ್ದಿ ಆರಿಸಿ. ಪ್ರತಿಯೊಂದಕ್ಕೂ ಮೂಲ ಕಾಪಿ, ಅಚ್ಚಾದದ್ದು, ಬದಲಾವಣೆ ಯಾಕೆ ಆಯಿತು ಎಂಬುದಕ್ಕೆ ಅರ್ಧ ಪುಟ. ಅದರಲ್ಲಿ ಒಂದಾದರೂ ಪ್ರಕಟವಾಗದೇ ಉಳಿದ ಸುದ್ದಿ ಇರಲಿ. ಯಾಕೆ ಬರಲಿಲ್ಲ? ಜಾಹೀರಾತು ಬಂದು ಜಾಗ ಹೋಯಿತೇ, ಇನ್ನೊಂದು ಕಡೆಯ ಪ್ರತಿಕ್ರಿಯೆ ಇರಲಿಲ್ಲವೇ, ತಡವಾಯಿತೇ, ಬೇರೆ ಪತ್ರಿಕೆಯಲ್ಲಿ ಮೊದಲೇ ಬಂದುಬಿಟ್ಟಿತೇ? ಇದನ್ನು ನೇರವಾಗಿ ಬರೆದ ವರದಿಗೆ ಅಂಕ ಕಡಿಮೆಯಾಗುತ್ತದೆ ಎಂಬ ಭಯ ಬೇಡ. ದಿನಚರಿಯನ್ನು ಕೊನೆಯ ವಾರ ಕೂತು ಒಂದೇ ಪೆನ್ನಿನಲ್ಲಿ ಬರೆದರೆ ನೋಡಿದ ತಕ್ಷಣ ಗೊತ್ತಾಗುತ್ತದೆ. ತಪ್ಪಿಹೋಗಿದ್ದರೆ ನೋಟ್‌ಬುಕ್, ಕಳಿಸಿದ ಇ-ಮೇಲ್‌ಗಳ ದಿನಾಂಕ ನೋಡಿ ಹೊಂದಿಸಿ, ಹಾಗೆ ಹೊಂದಿಸಿದ್ದು ಎಂದು ಬರೆಯಿರಿ.

ಬೈಲೈನ್ (ವರದಿಗಾರರ ಹೆಸರಿನಲ್ಲಿ ಬಂದ ಸುದ್ದಿ) ಎಷ್ಟು ಎಂಬ ಎಣಿಕೆಗೆ ನನ್ನ ದೃಷ್ಟಿಯಲ್ಲಿ ಬೆಲೆ ಕಡಿಮೆ. ಪ್ರೆಸ್‌ನೋಟ್ ತಿದ್ದಿ ಬರೆದದ್ದನ್ನು ಆಯ್ದ ಕಟಿಂಗ್‌ನಲ್ಲಿ ಸೇರಿಸಲೇಬಾರದು.

ರಾತ್ರಿ ಡೆಸ್ಕ್

ಇದನ್ನ ಒಪ್ಪಲ್ಲ ಮೇಡಂ. ಡೆಸ್ಕ್ ಕೆಲಸಕ್ಕೆ ಅರ್ಜಿ ಹಾಕೋ ಹುಡುಗಿಗೆ ಪ್ರೆಸ್‌ನೋಟೇ ಒಳ್ಳೇ ಸಾಕ್ಷಿ. ಎರಡು ಪುಟದ ಕೆಡಿಪಿ (ಅಭಿವೃದ್ಧಿ ಕೆಲಸಗಳ ಪರಿಶೀಲನೆ) ಸಭೆ ಟಿಪ್ಪಣಿಯಿಂದ ನೂರಿಪ್ಪತ್ತು ಪದದ ಸುದ್ದಿ ತೆಗೆದಿದ್ದಾಳೆ ಅಂದರೆ ಅದು ಕೌಶಲವೇ. ಆದರೆ ಮೂಲ ಪ್ರೆಸ್‌ನೋಟ್ ಜೊತೆಗಿಟ್ಟು ತೋರಿಸಬೇಕು.

ಪಾಠದ ಕೋಣೆ

ಮೂಲ ಜೊತೆಗಿದ್ದರೆ ಸರಿ, ಒಪ್ಪಿದೆ. "ವಿಶೇಷ ವರದಿ" ಎಂಬ ಹಣೆಪಟ್ಟಿ ಹಚ್ಚಿ ತರುವುದಕ್ಕೆ ಮಾತ್ರ ನನ್ನ ತಕರಾರು. ಬೈಲೈನ್ ಇಲ್ಲದ ಸುದ್ದಿಗಳಿಗೆ ಬ್ಯೂರೊ ಮುಖ್ಯಸ್ಥರಿಂದ ಒಂದು ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ: ದಿನಾಂಕ, ಪುಟ, ತಲೆಬರಹ. ಇಬ್ಬರು ಸೇರಿ ಮಾಡಿದ್ದಾದರೆ ನಿಮ್ಮ ಪಾಲು ಯಾವುದು ಎಂದು ಪಟ್ಟಿಯಲ್ಲೇ ಇರಲಿ.

ಶಂಕರಘಟ್ಟ ಬೆಂಚು

ತುಂಬಾ ಉಪಕಾರ ಆಯ್ತು. ಇನ್ನೊಂದೇ ಉಳೀತು. ಒಬ್ಬಳು ಕುಡಿಯುವ ನೀರಿನ ಯೋಜನೆ ಬಗ್ಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ. ವಿಳಾಸ ಹಾಸ್ಟೆಲ್ಲಿಂದು, ಮುಂದಿನ ತಿಂಗಳು ರೂಮ್ ಖಾಲಿ ಮಾಡ್ತಾಳೆ. ಬ್ಯೂರೊ ಹೆಸರಿಗೆ ವರ್ಗ ಮಾಡೋಕೆ ಆಗುತ್ತಾ?

ಕಾನೂನು ಕಲಂ

ವರ್ಗ ಆಗಲ್ಲ, ಅರ್ಜಿದಾರಳು ಅವಳೇ. ಮೇಲ್ಮನವಿಗೂ ಅವಳೇ ಸಹಿ ಹಾಕಬೇಕು. ಇವತ್ತೇ ಆ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ಅರ್ಜಿಯ ದಿನಾಂಕ, ಸ್ವೀಕೃತಿ ಸಂಖ್ಯೆ, 10 ರೂಪಾಯಿ ಪೋಸ್ಟಲ್ ಆರ್ಡರ್ ನಂಬರ್ ಬರೆದು, ಮನೆಯ ವಿಳಾಸಕ್ಕೆ ಉತ್ತರ ಕಳಿಸಿ ಅಂತ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹಾಕಲಿ. ಹಾಸ್ಟೆಲ್‌ಗೆ ಟಪಾಲು ತಲುಪಿಸುವ ಅಂಚೆ ಕಚೇರಿಯಲ್ಲೂ ಅದನ್ನು ಊರಿನ ವಿಳಾಸಕ್ಕೆ ತಿರುಗಿಸಿ ಅಂತ ಬರೆದುಕೊಡಲಿ. ಪುಟಕ್ಕೆ 2 ರೂಪಾಯಿಯಂತೆ ಶುಲ್ಕ ಕಟ್ಟಿ ಅಂತ ಕಚೇರಿ ಮೊದಲು ಒಂದು ಪತ್ರ ಕಳಿಸೋದುಂಟು, ಆ ಪತ್ರ ಹೊರಟ ದಿನದಿಂದ ಹಣ ಕಟ್ಟುವ ದಿನದವರೆಗಿನ ಕಾಲ 30 ದಿನದ ಲೆಕ್ಕಕ್ಕೆ ಸೇರಲ್ಲ. ಅದು ಕೈ ಸೇರದೇ ಹೋದರೆ ಇವಳು ಉತ್ತರಕ್ಕೆ ಕಾಯ್ತಾ, ಅವರು ಹಣಕ್ಕೆ ಕಾಯ್ತಾ ಕೂರ್ತಾರೆ.

30 ದಿನ ಕಳೆದರೂ ಏನೂ ಬರದಿದ್ದರೆ, ಮತ್ತೆ 30 ದಿನದೊಳಗೆ ಮೊದಲ ಮೇಲ್ಮನವಿ. ಎರಡು ತಾರೀಕನ್ನೂ ಬ್ಯೂರೊದಲ್ಲಿ ಬಿಡುವ ಹಾಳೆಯಲ್ಲಿ ಬರೆಯಲಿ, ಅರ್ಜಿಯ ನಕಲೂ ಜೊತೆಗಿರಲಿ. ಬ್ಯೂರೊದವರಿಗೆ ಅಷ್ಟು ಆಸಕ್ತಿ ಇದ್ದರೆ ಅದೇ ಪ್ರಶ್ನೆಗಳನ್ನು ತಮ್ಮ ಹೆಸರಿನಲ್ಲಿ ಹೊಸದಾಗಿ ಹಾಕಬಹುದು. ಒಂದೇ ವಿಷಯ, 150 ಪದದೊಳಗೆ ಇರಬೇಕು, ಕರ್ನಾಟಕದ ನಿಯಮ ಹಾಗಿದೆ.